ವಜ್ರ ಹುಟ್ಟುವ ಊರು ಬೇರೆ, ಸಿಗುವ ಊರು ಬೇರೆ

ವಿಜಯಪುರದ ಕಡೆ ಬಾವಿ ತೋಡುವಾಗ ಒಮ್ಮೊಮ್ಮೆ ಕರಿಕಲ್ಲಿನ ಪೊಳ್ಳಿನೊಳಗೆ ಹರಳು ಸಿಗುತ್ತವೆ. ಬಿಸಿಲಿಗೆ ಹಿಡಿದರೆ ಥಳಥಳ ಹೊಳೆಯುತ್ತವೆ. ಸಂಜೆಯೊಳಗೆ ಊರ ತುಂಬ ಸುದ್ದಿ: ಯಾರದೋ ಹೊಲದಲ್ಲಿ ವಜ್ರ ಸಿಕ್ಕಿದೆಯಂತೆ! ತಿಳಿದವರೊಬ್ಬರು ಗಾಜಿನ ಮೇಲೆ ಗೀರಿ ನೋಡುತ್ತಾರೆ. ಗೀರು ಬೀಳುತ್ತದೆ. ಇನ್ನೇನು ಬೇಕು, ವಜ್ರವೇ ಖರೆ ಅಂತ ತೀರ್ಮಾನ ಆಗಿಬಿಡುತ್ತದೆ. ಆದರೆ ಗಾಜನ್ನು ಗೀರುವ ಶಕ್ತಿ ಕ್ವಾರ್ಟ್ಸ್ ಹರಳಿಗೂ ಇದೆ. ಬಾವಿಯಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ.

ಹೀಗೆ ಹೇಳಿದರೆ ಒಂದು ಪ್ರಶ್ನೆ ಬರುತ್ತದೆ. ಆದಿಲಶಾಹಿಗಳಿಗೆ ವಜ್ರದ ಗಣಿ ಇತ್ತಲ್ಲ, ಅದು ಸುಳ್ಳೇ? ಸುಳ್ಳಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ರತ್ನದ ವ್ಯಾಪಾರಿ ಟಾವರ್ನಿಯೇ ನಮ್ಮ ಕಡೆ ಬಂದಿದ್ದ. ತಾನು ಮೊದಲು ನೋಡಿದ ಗಣಿ ವಿಜಾಪುರದ ಅರಸನ ಸೀಮೆಯಲ್ಲಿತ್ತು ಎಂದು ಬರೆದಿಟ್ಟಿದ್ದಾನೆ. ಅದರ ಹೆಸರು ರಾವಲಕೊಂಡ. ಗೋಲ್ಕೊಂಡದಿಂದ 5 ದಿನದ ದಾರಿ, ವಿಜಾಪುರದಿಂದ 8-9 ದಿನದ ದಾರಿ. ಈಗಿನ ಕರ್ನೂಲಿನ ಹತ್ತಿರದ ರಾಮಳ್ಳಕೋಟವೇ ಅದು ಎಂದು ಹಲವರು ಗುರುತಿಸುತ್ತಾರೆ. ಅಂದರೆ ಗಣಿ ಆದಿಲಶಾಹಿಗಳದು ಹೌದು, ಆದರೆ ಗೋಳಗುಮ್ಮಟದ ನೆರಳಲ್ಲಿ ಇದ್ದದ್ದಲ್ಲ. ಇಷ್ಟು ದೂರ ಯಾಕೆ? ಅಲ್ಲಿ ಸಿಕ್ಕದ್ದು ಇಲ್ಲಿ ಯಾಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ಬೇಕಾದರೆ ವಜ್ರ ಎಲ್ಲಿ ಹುಟ್ಟುತ್ತದೆ, ಮೇಲೆ ಹೇಗೆ ಬರುತ್ತದೆ ಎಂಬುದನ್ನು ನೋಡಬೇಕು. ಅದರಂಥ ಸೊಗಸಾದ ಕಥೆ ಭೂವಿಜ್ಞಾನದಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಅದಕ್ಕೂ ಮೊದಲು ಒಂದು ತಪ್ಪನ್ನು ಕಿತ್ತು ಹಾಕಬೇಕು. ಕಲ್ಲಿದ್ದಲು ನೆಲದಡಿ ಒತ್ತಡಕ್ಕೆ ಸಿಕ್ಕು ವಜ್ರವಾಗುತ್ತದೆ ಎಂಬ ಮಾತು. ಭಾಷಣಗಳಲ್ಲಿ ಕೇಳಿರುತ್ತೀರಿ, ಶಾಲೆಯ ಗೋಡೆಯ ಮೇಲೂ ಓದಿರುತ್ತೀರಿ. ಓದಿದವರಲ್ಲೇ ಇದು ಜಾಸ್ತಿ. ಈ ತಪ್ಪಿನ ಬೇರು ಇರುವುದು ಖರೆಖರೆ ನಡೆದ ಪ್ರಯೋಗಗಳಲ್ಲಿ. 1772ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರವನ್ನು ಸುಟ್ಟು ತೋರಿಸಿದ. 1797ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಸ್ಮಿತ್ಸನ್ ಟೆನಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಒಂದೇ ತೂಕದ ವಜ್ರ ಮತ್ತು ಇದ್ದಿಲನ್ನು ಸುಟ್ಟರೆ ಒಂದೇ ಪ್ರಮಾಣದ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂದು ಲೆಕ್ಕ ಕೊಟ್ಟ. ಎರಡೂ ಇಂಗಾಲವೇ ಎಂದು ಗೊತ್ತಾಯಿತು. ಜನ ಅಲ್ಲಿಂದ ಒಂದೇ ಜಿಗಿತಕ್ಕೆ 'ಇದ್ದಿಲೇ ವಜ್ರವಾಗುತ್ತದೆ' ಎನ್ನುವಲ್ಲಿಗೆ ಹೋದರು.

ವಯಸ್ಸು ನೋಡಿದರೆ ಸಾಕು, ಈ ಮಾತು ನಿಲ್ಲುವುದಿಲ್ಲ. ಕಲ್ಲಿದ್ದಲಿಗೆ ಗಿಡಮರ ಬೇಕು. ನೆಲದ ಮೇಲೆ ಗಿಡ ಬಂದು ಸುಮಾರು 47 ಕೋಟಿ ವರ್ಷ ಆಗಿದೆ. ನಮ್ಮ ದೇಶದ ಕಲ್ಲಿದ್ದಲು ಬಹುಪಾಲು 25ರಿಂದ 30 ಕೋಟಿ ವರ್ಷ ಹಳೆಯದು. ವಜ್ರಗಳಾದರೆ ಹೆಚ್ಚಿನವು 100ರಿಂದ 350 ಕೋಟಿ ವರ್ಷ ಹಳೆಯವು. ಮೊಮ್ಮಗನಿಂದ ಅಜ್ಜ ಹುಟ್ಟುವುದುಂಟೇ?

ಇಷ್ಟು ವಯಸ್ಸು ಅಂತ ಹೇಗೆ ಗೊತ್ತು? ವಜ್ರದೊಳಗಿನ ಚುಕ್ಕಿಯಿಂದ. ಕೊಳ್ಳುವವರು ಅದನ್ನು ದೋಷ ಅನ್ನುತ್ತಾರೆ. ಚುಕ್ಕಿ ಇದ್ದ ವಜ್ರ ಮನೆಗೆ ಆಗಿಬರುವುದಿಲ್ಲ, ಶುಕ್ರ ಕೆಡುತ್ತಾನೆ ಎಂದು ಹೆದರಿಸಿ ದುಡ್ಡು ಕೀಳುವವರೂ ಇದ್ದಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಜ್ರ ಬೆಳೆಯುವಾಗ ಪಕ್ಕದಲ್ಲಿದ್ದ ಗಾರ್ನೆಟ್‌ನಂಥ ಖನಿಜದ ಕಣ ಒಳಗೆ ಸಿಕ್ಕಿಹಾಕಿಕೊಂಡದ್ದೇ ಆ ಚುಕ್ಕಿ. ಶುದ್ಧ ಇಂಗಾಲದಲ್ಲಿ ವಯಸ್ಸು ಅಳೆಯಲು ಏನೂ ಸಿಗುವುದಿಲ್ಲ. ಆ ಕಣದಲ್ಲಿ ಮಾತ್ರ ವಿಕಿರಣ ಸೂಸುತ್ತ ನಿಧಾನವಾಗಿ ಬದಲಾಗುವ ಧಾತುಗಳಿರುತ್ತವೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಕೆಲವು ವಜ್ರಗಳಿಗೆ 320 ಕೋಟಿ ವರ್ಷ ದಾಟಿದೆ ಎಂದು ತಿಳಿದದ್ದು ಹೀಗೆ. ಅವನ್ನು ಮೇಲೆ ತಂದ ಬಂಡೆಗೆ ಮಾತ್ರ ಬರೀ 9 ಕೋಟಿ ವರ್ಷ! ಹುಟ್ಟಿದ ಮೇಲೆ 300 ಕೋಟಿ ವರ್ಷ ಆ ವಜ್ರಗಳು ಕೆಳಗೇ ಇದ್ದವು.

ಕೆಳಗೆ ಅಂದರೆ 150ರಿಂದ 200 ಕಿ.ಮೀ. ಆಳದಲ್ಲಿ. ವಿಜಯಪುರದಿಂದ ಬೆಳಗಾವಿಗೆ ರಸ್ತೆ ಎಷ್ಟು ದೂರವೋ ಹತ್ತಿರಹತ್ತಿರ ಅಷ್ಟು, ಅದೂ ನೆಟ್ಟಗೆ ಕೆಳಗೆ. ಮನುಷ್ಯ ಇದುವರೆಗೆ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದು 12 ಕಿ.ಮೀ. ದಾಟಿ ಸ್ವಲ್ಪ ಹೋಗಿದೆ, ಅಷ್ಟೇ. ವಜ್ರ ಹುಟ್ಟುವಲ್ಲಿ ಒತ್ತಡ ನಮ್ಮ ಗಾಳಿಯ ಒತ್ತಡದ ಸುಮಾರು 50 ಸಾವಿರ ಪಟ್ಟು. ಶಾಖ 900ರಿಂದ 1,300 ಡಿಗ್ರಿ. ಆ ಆಳಕ್ಕೆ ಈ ಶಾಖ ಕಡಿಮೆಯೇ. ಬೇರೆ ಕಡೆ ಅಷ್ಟು ಕೆಳಗೆ ಇನ್ನೂ ಬಿಸಿ ಇರುತ್ತದೆ, ಇಂಗಾಲ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿಯ ಕರಿ ವಸ್ತು, ಆಗಿಬಿಡುತ್ತದೆ. ತೀರಾ ಹಳೆಯ ಭೂಖಂಡಗಳ ಅಡಿಯಲ್ಲಿ ಮಾತ್ರ ದಪ್ಪನೆಯ, ತಣ್ಣನೆಯ ಬೇರು ಇಳಿದಿರುತ್ತದೆ. ನಮ್ಮ ಕಾಲ ಕೆಳಗಿನ ಧಾರವಾಡ ಭೂಖಂಡ ಅಂಥದ್ದೇ. ಇಳಕಲ್ಲಿನ ಕೆಂಪು ಗ್ರಾನೈಟ್ ಅದರದೇ ತುಣುಕು, ಸುಮಾರು 250 ಕೋಟಿ ವರ್ಷ ಹಳೆಯದು.

ಇಷ್ಟು ಕೆಳಗಿನಿಂದ ವಜ್ರ ಮೇಲೆ ಬರಬೇಕು, ಅದೂ ಬೇಗ ಬರಬೇಕು. ಒತ್ತಡ ಇಳಿದ ಮೇಲೂ ಬಿಸಿಯಲ್ಲಿ ಬಹಳ ಹೊತ್ತು ಉಳಿದರೆ ಅದು ಗ್ರಾಫೈಟ್ ಆಗುತ್ತದೆ, ಇಲ್ಲವೇ ಕರಗಿಹೋಗುತ್ತದೆ. ಅದನ್ನು ಹೊತ್ತು ತರುವುದು ಕಿಂಬರ್ಲೈಟ್ ಎಂಬ ಶಿಲಾರಸ. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಅದು ಮೇಲೆ ತಲುಪುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ಮೈತುಂಬ ಭಾರದ ಬಂಡೆಚೂರು ಹೊತ್ತುಕೊಂಡು ಇಷ್ಟು ಜೋರಾಗಿ ಹೇಗೆ ಏರುತ್ತದೆ? ಬಹಳ ಕಾಲ ಇದು ಒಗಟಾಗಿತ್ತು. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲ್ಲಿ ರಸಲ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ಒಂದು ಉತ್ತರ ಕೊಟ್ಟರು.

ಬೇಸಿಗೆಯಲ್ಲಿ ಇಂಡಿ ತಾಲೂಕಿನ ಲಿಂಬಿ ಹಿಂಡಿ ಸೋಡಾ ಮಾಡಿಕೊಡುವ ಗಾಡಿಯ ಮುಂದೆ ನಿಂತು ನೋಡಿ. ಸೋಡಾಕ್ಕೆ ಚಿಟಿಕೆ ಉಪ್ಪು ಬಿದ್ದ ಕೂಡಲೇ ಬುಸ್ಸೆಂದು ನೊರೆ ಉಕ್ಕುತ್ತದೆ, ಗ್ಲಾಸಿನ ಅಂಚು ಮೀರಿ ಕೈಮೇಲೆ ಸುರಿಯುತ್ತದೆ. ಗ್ಯಾಸು ಮೊದಲೇ ಒಳಗೆ ಕರಗಿ ಕೂತಿತ್ತು. ಉಪ್ಪು ಅದನ್ನು ಹೊರಗೆ ಹಾಕಿತು. ನೆಲದಡಿ ಆಗುವುದೂ ಇಂಥದ್ದೇ. ಆಳದಲ್ಲಿ ಹುಟ್ಟುವ ರಸದಲ್ಲಿ ಇಂಗಾಲದ ಡೈಆಕ್ಸೈಡ್ ಬೇಕಾದಷ್ಟು ಕರಗಿರುತ್ತದೆ. ರಸ ಮೇಲೇರುತ್ತ ದಾರಿಯ ಬಂಡೆಗಳನ್ನು ಕಿತ್ತುಕೊಳ್ಳುತ್ತದೆ. ಆ ಬಂಡೆಗಳಲ್ಲಿ ಸಿಲಿಕಾ ಜಾಸ್ತಿ ಇರುವ ಒಂದು ಖನಿಜ ಇರುತ್ತದೆ. ಅದು ಬೇಗ ಕರಗುತ್ತದೆ. ರಸದಲ್ಲಿ ಸಿಲಿಕಾ ಹೆಚ್ಚಿದ ಹಾಗೆ ಗ್ಯಾಸು ಹಿಡಿದಿಡುವ ತಾಕತ್ತು ಕಡಿಮೆಯಾಗುತ್ತದೆ. ಗ್ಯಾಸು ಗುಳ್ಳೆಗುಳ್ಳೆಯಾಗಿ ಹೊರಬೀಳುತ್ತದೆ, ರಸ ಹಗುರಾಗುತ್ತದೆ, ವೇಗ ಏರುತ್ತದೆ. ವೇಗ ಏರಿದರೆ ಇನ್ನಷ್ಟು ಬಂಡೆ ಕೀಳುತ್ತದೆ. ಇನ್ನಷ್ಟು ಬಂಡೆ ಅಂದರೆ ಇನ್ನಷ್ಟು ಸಿಲಿಕಾ, ಇನ್ನಷ್ಟು ಗ್ಯಾಸು, ಮತ್ತೆ ವೇಗ. ಒಂದು ವ್ಯತ್ಯಾಸ ಹೇಳಲೇಬೇಕು. ಸೋಡಾದಲ್ಲಿ ಉಪ್ಪಿನ ಹರಳು ಗುಳ್ಳೆ ಹುಟ್ಟಲು ಜಾಗವನ್ನೂ ಕೊಡುತ್ತದೆ. ಕಿಂಬರ್ಲೈಟಿನಲ್ಲಿ ಮುಖ್ಯವಾಗಿ ಬದಲಾಗುವುದು ರಸದ ಗುಣವೇ. ಹೊರೆ ಹೆಚ್ಚಿದಷ್ಟೂ ಓಟ ಹೆಚ್ಚುತ್ತದೆ ಎಂಬುದು ಎಂಥ ಸೋಜಿಗ, ಅಲ್ವಾ! ದಾರಿಯಲ್ಲಿ ಕಿತ್ತುಕೊಂಡ ಬಂಡೆಯೊಳಗೆ ವಜ್ರ ಇದ್ದರೆ ಅದೂ ಮೇಲೆ ಬರುತ್ತದೆ. ಇಲ್ಲದಿದ್ದರೆ ಇಲ್ಲ. ಅದಕ್ಕೇ ಜಗತ್ತಿನ ಸಾವಿರಾರು ಕಿಂಬರ್ಲೈಟುಗಳಲ್ಲಿ ಗಣಿ ಮಾಡುವಷ್ಟು ವಜ್ರ ಇರುವವು ಬೆರಳೆಣಿಕೆಯಷ್ಟು.

ಮೇಲೆ ಬಂದು ಸಿಡಿದಾಗ ಉಳಿಯುವುದು ಬಾಯಿ ಅಗಲ, ಕೆಳಗೆ ಹೋದಂತೆ ಸಣ್ಣಗಾಗುವ ಒಂದು ಕೊಳವೆ. ವಜ್ರದ ಗಣಿ ಹೇಗಿರುತ್ತದೆ ಎಂಬುದು ಕಲ್ಲು ಆ ಕೊಳವೆಯಲ್ಲೇ ಉಳಿದಿದೆಯೋ, ಹೊಳೆಗೆ ಬಿದ್ದಿದೆಯೋ, ಸಮುದ್ರ ಸೇರಿದೆಯೋ ಎಂಬುದರ ಮೇಲೆ ನಿಂತಿದೆ.

1867ರ ತನಕ ವಜ್ರ ಅಂದರೆ ಹೊಳೆಯ ಗರಸಿನಲ್ಲೋ ಹಳೆಯ ಮರಳುಗಲ್ಲಿನ ಸಂದಿಯಲ್ಲೋ ಸಿಗುವ ವಸ್ತು. 18ನೇ ಶತಮಾನದಲ್ಲಿ ಬ್ರೆಜಿಲ್‌ನ ಗಣಿ ಶುರುವಾಗುವವರೆಗೆ ಜಗತ್ತಿಗೆ ವಜ್ರ ಕೊಟ್ಟದ್ದು ಹೆಚ್ಚೂಕಡಿಮೆ ನಮ್ಮ ದೇಶವೇ. ಟಾವರ್ನಿಯೇ ಕೃಷ್ಣೆಯ ದಂಡೆಯ ಕೊಲ್ಲೂರನ್ನೂ ನೋಡಿದ. ಅಲ್ಲಿ ಗಂಡಸರು ಅಗೆಯುತ್ತಿದ್ದರು, ಹೆಂಗಸರು ಮಕ್ಕಳು ಮಣ್ಣು ಹೊರುತ್ತಿದ್ದರು. ಒಟ್ಟು 60 ಸಾವಿರ ಜನ ಎಂದು ಬರೆದಿದ್ದಾನೆ. ಅಷ್ಟು ಜನ ಬೆವರು ಸುರಿಸಿದರೂ ಆ ಕಲ್ಲು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಕಿಂಬರ್ಲಿಯಲ್ಲಿ. 1871ರಲ್ಲಿ ಅಲ್ಲಿನ ಒಂದು ಸಣ್ಣ ಗುಡ್ಡಕ್ಕೆ ಸಾವಿರಾರು ಜನ ಮುತ್ತಿದರು. ಮೇಲೆ ಹಳದಿ ಮಣ್ಣು ಇತ್ತು, ಅದು ಮುಗಿದು ಗಟ್ಟಿ ನೀಲಿ ಕಲ್ಲು ಬಂದಾಗ ವಜ್ರ ತೀರಿತು ಎಂದು ಕೆಲವರು ತಮ್ಮ ಪಾಲು ಮಾರಿ ಹೋದರು. ಆ ನೀಲಿ ಕಲ್ಲೇ ಕಿಂಬರ್ಲೈಟ್, ಹಳದಿ ಮಣ್ಣು ಅದರ ಸವೆದ ರೂಪ. 1914ರ ಹೊತ್ತಿಗೆ ಗುಡ್ಡ ಇದ್ದ ಕಡೆ 240 ಮೀಟರ್ ಆಳದ ಗುಂಡಿ ಆಗಿತ್ತು. 2 ಕೋಟಿ ಟನ್ನಿಗೂ ಹೆಚ್ಚು ಕಲ್ಲು ತೆಗೆದು ಪಡೆದ ವಜ್ರ 2,720 ಕಿಲೋ. ಗುದ್ದಲಿ ಹಿಡಿದ ಕರಿಯ ಕೂಲಿಕಾರರನ್ನು ಬೇಲಿಯೊಳಗಿನ ವಠಾರಗಳಲ್ಲಿ ಕೂಡಿಹಾಕಿ, ಮೈಯೆಲ್ಲ ತಪಾಸಣೆ ಮಾಡಿಯೇ ಹೊರಗೆ ಬಿಡುತ್ತಿದ್ದರು. ವಜ್ರದ ಹೊಳಪಿನ ಮಾತಾಡುವಾಗ ಇದನ್ನೂ ಹೇಳಬೇಕು.

ಕೊಳವೆ ಹುಡುಕುವ ವಿದ್ಯೆಯೂ ಚೆಂದ. ವಜ್ರ ಅಪರೂಪ, ಆದರೆ ಅದರ ಜೊತೆ ಬರುವ ಕೆಂಪು ಗಾರ್ನೆಟ್ ಕಣಗಳು ಅಷ್ಟು ಅಪರೂಪವಲ್ಲ. 1954ರಲ್ಲಿ ಭೂವಿಜ್ಞಾನಿ ಲಾರಿಸಾ ಪೊಪುಗಾಯೇವಾ ಸೈಬೀರಿಯದ ಹಳ್ಳಗಳ ಮರಳು ಜಾಲಾಡುತ್ತ, ಆ ಕೆಂಪು ಕಣಗಳ ಬೆನ್ನು ಹತ್ತಿ ಸೋವಿಯತ್ ದೇಶದ ಮೊದಲ ಕಿಂಬರ್ಲೈಟ್ ಕೊಳವೆ ಕಂಡುಹಿಡಿದರು. ಮರುವರ್ಷವೇ ಮೀರ್ ಕೊಳವೆ ಸಿಕ್ಕಿತು. ಅಲ್ಲಿ ತೋಡಿದ ತೆರೆದ ಗುಂಡಿ 500 ಮೀಟರಿಗೂ ಹೆಚ್ಚು ಆಳ. ಬೋಟ್ಸ್ವಾನಾದಲ್ಲಿ ಕೊಳವೆಗಳ ಮೇಲೆ ಕಲಹಾರಿಯ ಮರಳು ದಪ್ಪಗೆ ಹಾಸಿದೆ. ಅಲ್ಲಿ ನೆರವಾದದ್ದು ಗೆದ್ದಲು. ಹುತ್ತ ಕಟ್ಟಲು ಅವು ಆಳದಿಂದ ಹಸಿ ಮಣ್ಣು ತರುತ್ತವೆ, ಜೊತೆಗೆ ಆ ಖನಿಜದ ಕಣಗಳೂ ಬರುತ್ತವೆ. 1982ರಲ್ಲಿ ಶುರುವಾದ ಅಲ್ಲಿನ ಜ್ವಾನೆಂಗ್, ಬೆಲೆಯ ಲೆಕ್ಕದಲ್ಲಿ ಜಗತ್ತಿನ ಅತಿ ಸಿರಿವಂತ ವಜ್ರದ ಗಣಿಗಳಲ್ಲಿ ಒಂದು. ಕೆನಡಾದ ಎಕಾಟಿ, ಡಯಾವಿಕ್ ಗಣಿಗಳಿಗೆ ಭಾರದ ಸರಕು ಹೋಗುವುದು ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ, ಆ ಮಂಜಿನ ಮೇಲೆ ಲಾರಿ ಓಡಿಸಿ. ಆಸ್ಟ್ರೇಲಿಯಾದ ಆರ್ಗೈಲ್ ಗುಲಾಬಿ ವಜ್ರಕ್ಕೆ ಹೆಸರಾಗಿತ್ತು, 2020ರಲ್ಲಿ ಮುಚ್ಚಿತು. ನಮ್ಮಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಮಝಗವಾನ್ ಗಣಿ ಇದೆ. ಅದರ ಸುತ್ತ ಸಣ್ಣ ಪಟ್ಟಾ ಪಡೆದು ಕೈಯಲ್ಲೇ ಗರಸು ತೊಳೆಯುವ ಜನರೂ ಇದ್ದಾರೆ.

ಒಂದು ಟನ್ ಬಂಡೆಗೆ ಒಂದು ಕ್ಯಾರೆಟ್ ಸಿಕ್ಕರೂ ಒಳ್ಳೆಯ ಗಣಿಯೇ. ಕ್ಯಾರೆಟ್ ಅಂದರೆ 0.2 ಗ್ರಾಂ. ಅಷ್ಟನ್ನು ಹುಡುಕಲು ಬಂಡೆ ಪುಡಿ ಮಾಡಿ, ಭಾರದ ದ್ರವದಲ್ಲಿ ಹಾಯಿಸಿ ಹಗುರ ಕಲ್ಲು ತೇಲಿಸಿ ಬಿಡುತ್ತಾರೆ. ಹಿಂದೆ ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನ ಜೊತೆ ಹರಿಸುತ್ತಿದ್ದರು. ವಜ್ರಕ್ಕೆ ನೀರು ಅಂಟುವುದಿಲ್ಲ, ಗ್ರೀಸ್ ಅಂಟುತ್ತದೆ. ಉಳಿದ ಕಲ್ಲು ಜಾರಿ ಹೋಗುತ್ತದೆ. ಈಗ ಎಕ್ಸ್-ರೇ ಬಂದಿದೆ. 2024ರಲ್ಲಿ ಬೋಟ್ಸ್ವಾನಾದ ಕರೋವೆ ಗಣಿಯಲ್ಲಿ ಸುಮಾರು 2,490 ಕ್ಯಾರೆಟ್ಟಿನ ಕಲ್ಲನ್ನು ಒಡೆಯದೆ ಉಳಿಸಿಕೊಂಡದ್ದು ಎಕ್ಸ್-ರೇ ನೆರವಿನಿಂದಲೇ. ಅದಕ್ಕಿಂತ ದೊಡ್ಡ ರತ್ನವಜ್ರ 1905ರ ಕಲಿನನ್ ಒಂದೇ, 3,106 ಕ್ಯಾರೆಟ್.

ಕೊಳವೆ ಸವೆದು ಹೊಳೆಗೆ ಬಿದ್ದ ವಜ್ರದ ಕಥೆ ಬೇರೆ. ಆರೆಂಜ್ ನದಿ ಕೋಟಿಗಟ್ಟಲೆ ವರ್ಷ ಅವನ್ನು ಅಟ್ಲಾಂಟಿಕ್‌ಗೆ ಸಾಗಿಸಿತು. ಬಿರುಕು ಇದ್ದವು ದಾರಿಯಲ್ಲೇ ಒಡೆದವು. ಹಾಗಾಗಿ ನಮೀಬಿಯಾದ ಕರಾವಳಿಯ ವಜ್ರ ನೂರಕ್ಕೆ 95ರಷ್ಟು ಒಡವೆಗೆ ಬರುವಂಥದ್ದು. ಈಗ ಅಲ್ಲಿ ಹಡಗುಗಳು 100 ಮೀಟರಿಗೂ ಆಳದ ಸಮುದ್ರದ ತಳದಿಂದ ಗರಸು ಹೀರಿ ತೆಗೆಯುತ್ತವೆ. ಒಳನಾಡಿನ ಹೊಳೆಗರಸಿಗೆ ಮಾತ್ರ ಯಂತ್ರ ಬೇಡ, ಸಲಿಕೆ ಸಾಣಿಗೆ ಸಾಕು. ಸಿಯೆರಾ ಲಿಯೋನ್, ಅಂಗೋಲಾಗಳಲ್ಲಿ ಬಂದೂಕಿನ ಗುಂಪುಗಳು ಇಂಥ ಹೊಳೆಗಳನ್ನೇ ಹಿಡಿದು ಯುದ್ಧ ಸಾಕಿದವು. ಆಮೇಲೆ, 2003ರಲ್ಲಿ, ಕಚ್ಚಾ ವಜ್ರಕ್ಕೆ ಪ್ರಮಾಣಪತ್ರ ಬೇಕೆಂಬ ಕಿಂಬರ್ಲಿ ಒಪ್ಪಂದ ಜಾರಿಗೆ ಬಂತು.

ಈಗ ನಮ್ಮ ನೆಲಕ್ಕೆ ಬರೋಣ. ಧಾರವಾಡ ಭೂಖಂಡದ ಪೂರ್ವ ಭಾಗದಲ್ಲಿ, ಅನಂತಪುರದ ವಜ್ರಕರೂರು, ತೆಲಂಗಾಣದ ನಾರಾಯಣಪೇಟೆ, ನಮ್ಮ ರಾಯಚೂರು ಕಡೆ ಕಿಂಬರ್ಲೈಟ್ ಇದೆ, ಸುಮಾರು 110 ಕೋಟಿ ವರ್ಷ ಹಳೆಯದು. ಕರ್ನೂಲು, ಅನಂತಪುರದ ಹೊಲಗಳಲ್ಲಿ ಮೊದಲ ಮಳೆ ಬಿದ್ದ ಮೇಲೆ ಜನ ಇಂದಿಗೂ ವಜ್ರ ಹುಡುಕುತ್ತಾರೆ, ಸಿಗುವುದೂ ಉಂಟು. ವಿಜಯಪುರದ ಕರಿಕಲ್ಲು ಆದರೆ ಬೇರೆಯದೇ ಬೆಂಕಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅದು, ನಮ್ಮ ಎರೆ ಭೂಮಿಯ ತಾಯಿ. ವಜ್ರ ಇರುವಷ್ಟು ಆಳದಿಂದ ಅದು ಬಂದದ್ದಲ್ಲ. ಲಾವಾ ಆರಿದಾಗ ಒಳಗೆ ಉಳಿದ ಗ್ಯಾಸಿನ ಗುಳ್ಳೆಗಳಲ್ಲಿ, ಆಮೇಲೆ ಇಳಿದ ನೀರು ಬೆಳೆಸಿದ್ದೇ ಬಾವಿಯಲ್ಲಿ ಸಿಗುವ ಹರಳು.

ಆದರೂ ಕೈಗೆ ಸಿಕ್ಕ ಹರಳಿನ ಬಗ್ಗೆ ಅನುಮಾನ ಇದ್ದರೆ ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ. ನಿಜವಾದ ವಜ್ರ ಒಡೆಯುವುದಿಲ್ಲ ಎಂಬುದು ಎರಡು ಸಾವಿರ ವರ್ಷದ ಹಳೆಯ ಸುಳ್ಳು. ವಜ್ರವನ್ನು ಗೀರುವುದು ಕಷ್ಟ, ಸೀಳುವುದು ಸುಲಭ. ನಾಲ್ಕು ದಿಕ್ಕಿನಲ್ಲಿ ಅದು ಸಲೀಸಾಗಿ ಬಿರಿಯುತ್ತದೆ. ರಾವಲಕೊಂಡದಲ್ಲಿ ಭಾರದ ಹಾರೆಯ ಏಟಿಗೆ ಬಂಡೆಯೊಳಗಿನ ವಜ್ರಗಳೇ ಬಿರುಕು ಬಿಡುತ್ತಿದ್ದವು ಎಂದು ಟಾವರ್ನಿಯೇ ಬರೆದಿದ್ದಾನೆ. ಅಂಥ ಕಲ್ಲನ್ನು ಸೀಳುವುದರಲ್ಲಿ ಅಲ್ಲಿನವರು ಯುರೋಪಿನವರಿಗಿಂತ ಪಳಗಿದವರು ಎಂದೂ ಒಪ್ಪಿಕೊಂಡಿದ್ದಾನೆ.

ಸುತ್ತಿಗೆಯ ಬದಲು ಪತ್ತಾರರ ತಕ್ಕಡಿ ಸಾಕು. ಹರಳನ್ನು ಮೊದಲು ಹಾಗೇ ತೂಗಿಸಿ. ಆಮೇಲೆ ತೆಳ್ಳನೆ ದಾರ ಕಟ್ಟಿ, ನೀರಿನಲ್ಲಿ ಮುಳುಗಿಸಿ ತೂಗಿಸಿ. ನೀರಿನಲ್ಲಿ ಎಷ್ಟು ತೂಕ ಕಡಿಮೆಯಾಯಿತೋ ಅದರಿಂದ ಮೊದಲ ತೂಕವನ್ನು ಭಾಗಿಸಿ. 5.3 ಗ್ರಾಂ ಇದ್ದದ್ದು ನೀರಿನಲ್ಲಿ 3.3 ಆದರೆ ಉತ್ತರ 2.65, ಅದು ಕ್ವಾರ್ಟ್ಸ್. ವಜ್ರಕ್ಕೆ 3.52 ಬರಬೇಕು. ಬಣ್ಣವಿಲ್ಲದ ಟೋಪಾಜ್ ಹರಳೂ 3.5ರ ಆಸುಪಾಸು ಬರುತ್ತದೆ. ಹಾಗಾಗಿ ಅಷ್ಟು ಬಂದರೆ ರತ್ನ ಪರೀಕ್ಷೆಯ ಲ್ಯಾಬಿಗೆ ಒಯ್ಯಿರಿ. 2.65 ಬಂದರೆ ಊರ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಕೊಡಿ, ಜೊತೆಗೆ ಅದು ಅಂಟಿದ್ದ ಕರಿಕಲ್ಲಿನ ಚೂರನ್ನೂ ಕೊಡಿ.