ತಟ್ಟೆಯ ಹೊಣೆ ಕೆಲಕಾಲ ಹೆತ್ತವರದು

“ಹದಿನೈದು ವರ್ಷದವಳನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಬೇಕೇ, ಡಾಕ್ಟರೇ?” ಎಂದು ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಕಾಯಿಲೆಯಾದ ಅನೊರೆಕ್ಸಿಯಾ ನರ್ವೋಸಾದಿಂದ ಬಳಲುವ ಮಗಳ ತಾಯಿ ಕೇಳುವುದುಂಟು. ಕೆಲವು ತಿಂಗಳ ಮಟ್ಟಿಗೆ ಹೌದು ಎನ್ನುತ್ತದೆ ಕುಟುಂಬ ಆಧಾರಿತ ಚಿಕಿತ್ಸೆ.

1873ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಆರೈಕೆಗೆ ಬಂಧುಬಳಗದವರು ತಕ್ಕವರಲ್ಲವೆಂದು ಭಾವಿಸಿದ್ದರು. ಅದೇ ನಗರದ ಮಾಡ್ಸ್ಲಿ ಆಸ್ಪತ್ರೆಯ ತಜ್ಞರು ಈ ನಂಬಿಕೆಯನ್ನು ತಿರುವುಮುರುವು ಮಾಡಿದರು; ಎಳೆಯ ವಯಸ್ಸಿನಲ್ಲಿ ಶುರುವಾಗಿ ಮೂರು ವರ್ಷ ದಾಟದ ಕಾಯಿಲೆಗೆ, ರೋಗಿಯೊಬ್ಬರೊಡನೆಯೇ ನಡೆಸುವ ಚಿಕಿತ್ಸೆಗಿಂತ ಮನೆಯವರನ್ನು ಸೇರಿಸಿಕೊಂಡ ಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆಂದು 1987ರ ಅವರ ಅಧ್ಯಯನ ತೋರಿಸಿತು.

ಇಲ್ಲಿ ನಾವು ‘ಯಾರ ತಪ್ಪು’ ಎಂದು ಕೆದಕುವುದಿಲ್ಲ. ಹಸಿವೇ ಮನಸ್ಸನ್ನು ಕೆಡಿಸುತ್ತದೆ: 1944–45ರಲ್ಲಿ ಮಿನೆಸೋಟದ ಪ್ರಯೋಗವೊಂದರಲ್ಲಿ ಅರೆಹೊಟ್ಟೆಯಲ್ಲಿದ್ದ 36 ಆರೋಗ್ಯವಂತ ಗಂಡಸರಿಗೂ ಊಟದ ಧ್ಯಾನ ಬಿಟ್ಟು ಬೇರೇನೂ ಬೇಡವಾಗಿತ್ತು. ಆದ್ದರಿಂದ ಮಗಳೊಡನೆ ಕ್ಯಾಲೊರಿಯ ವಾದಕ್ಕಿಳಿದು ಗೆಲ್ಲಲಾಗದು. ಮೊದಲು ತೂಕ ಮರಳಬೇಕು.

ಎರಡನೆಯ ಭೇಟಿಗೆ ಮನೆಯವರೆಲ್ಲ ಬುತ್ತಿ ತಂದು ನಮ್ಮೆದುರೇ ಉಣ್ಣುತ್ತಾರೆ. ಅವಳು ಎರಡು ತುತ್ತಿಗೆ ತಟ್ಟೆ ಸರಿಸಿದಾಗ ಅಪ್ಪ ಗದರುವುದು, ಅಮ್ಮ ಅಳುವುದು, ಅಜ್ಜಿ “ಹೋಗಲಿ ಬಿಡು, ರಾತ್ರಿ ತಿಂತಾಳೆ” ಎನ್ನುವುದು ಎಲ್ಲವೂ ಅಲ್ಲೇ ಕಾಣಸಿಗುತ್ತದೆ. ಹಿರಿಯರ ನಡುವಿನ ಇಂಥ ಬಿರುಕಿನಲ್ಲೇ ಕಾಯಿಲೆ ನುಸುಳುವುದು. ಅಪ್ಪ ಅಮ್ಮ ಇಬ್ಬರೂ ಒಂದೇ ಮಾತನ್ನು, ಕೋಪವಿಲ್ಲದೆ, ಬೇಸರಿಸದೆ ಹೇಳುತ್ತ ಅವಳು ಮೊದಲು ಒಪ್ಪಿದ್ದಕ್ಕಿಂತ ಒಂದು ತುತ್ತು ಹೆಚ್ಚು ತಿನ್ನುವಂತೆ ಮಾಡಿದರೆ ಅಂದಿನ ಕೆಲಸ ಆದಂತೆ. ಒಡಹುಟ್ಟಿದವರಿಗೆ ಕಾವಲಿನ ಕೆಲಸ ಬೇಡ, ಜೊತೆ ಕೂತು ಹರಟಿದರೆ ಸಾಕು.

ಎಲ್ಲರಿಗೂ ಇದು ಒದಗುವುದಿಲ್ಲ. 2010ರಲ್ಲಿ ಪ್ರಕಟವಾದ, 121 ಹದಿಹರೆಯದವರ ಅಮೆರಿಕದ ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ನಂತರ ಪೂರ್ಣ ಚೇತರಿಸಿಕೊಂಡಿದ್ದವರು ಈ ವಿಧಾನದಲ್ಲಿ ಸುಮಾರು ಅರ್ಧದಷ್ಟು, ಒಬ್ಬರೊಡನೆಯೇ ನಡೆಸಿದ ಚಿಕಿತ್ಸೆಯಲ್ಲಿ ಕಾಲುಭಾಗಕ್ಕೂ ಕಡಿಮೆ. ತಲೆಸುತ್ತಿ ಬೀಳುವ, ನಾಡಿ ತೀರ ನಿಧಾನವಾದ ಮಗುವಿಗೆ ಮೊದಲು ಆಸ್ಪತ್ರೆಯೇ ಬೇಕು; ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೆಚ್ಚು ಉಣ್ಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯವಾಗಬಹುದು. ಹೊಡೆತ ಬಡಿತವಿರುವ ಮನೆಯಲ್ಲಿ ಹೆತ್ತವರ ಕೈಗೆ ಈ ಅಧಿಕಾರ ಕೊಡಲಾಗದು.

ತೂಕ ಏರಿ, ಊಟದ ಹೊತ್ತಿನ ಜಗಳ ತಗ್ಗಿದ ಮೇಲೆ ಹೊಣೆ ಮೆಲ್ಲನೆ ಅವಳಿಗೇ ಮರಳುತ್ತದೆ: ಮೊದಲು ಶಾಲೆಯಲ್ಲಿ ಗೆಳತಿಯರ ಜೊತೆಗಿನ ಒಂದು ಊಟ, ಮುಂದಿನ ವಾರ ತೂಕ ನೋಡಿ ಇನ್ನೊಂದು.