ಎಂ. ಆರ್. ಜೇಮ್ಸ್: ಸಂಕಲನದ ಮೂವತ್ತು ಕಥೆಗಳು, ಹೊರಗುಳಿದ ಮೂರು

ಇಂಗ್ಲಿಷ್ ದೆವ್ವದ ಕಥೆಗಳ ರುಚಿ ಹತ್ತಿದವರು ಒಂದಲ್ಲ ಒಂದು ದಿನ ಎಂ. ಆರ್. ಜೇಮ್ಸ್ ಹತ್ತಿರ ಬಂದೇ ಬರುತ್ತಾರೆ. ಹೆಚ್ಚಿನವರ ಕೈಗೆ ಸಿಗುವುದು 1931ರ ‘ಕಲೆಕ್ಟೆಡ್ ಘೋಸ್ಟ್ ಸ್ಟೋರೀಸ್’. ಅದರಲ್ಲಿ 30 ಕಥೆಗಳಿವೆ. ಅಷ್ಟು ಓದಿದರೆ ಜೇಮ್ಸ್ ಮುಗಿದರು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಆ ಪುಸ್ತಕದ ಹೊರಗೆ ಉಳಿದ ಮೂರು ಬಿಡಿ ಕಥೆಗಳು ಸಿಕ್ಕವು. ಮೂರೂ ಚಿಕ್ಕವು. ಆದರೆ ಅವುಗಳನ್ನು ಓದಿದ ಮೇಲೆ ಹಿಂದಿನ ಮೂವತ್ತೂ ಬೇರೆ ಥರ ಕಾಣತೊಡಗಿದವು.

ಮೊದಲು ಲೆಕ್ಕ. ಜೇಮ್ಸ್ ಹುಟ್ಟಿದ್ದು 1862ರಲ್ಲಿ. ಮಧ್ಯಯುಗದ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೂ ಆಮೇಲೆ ಈಟನ್ ಶಾಲೆಗೂ ಮುಖ್ಯಸ್ಥರಾಗಿದ್ದವರು. ಕಥೆಗಳನ್ನು ಗೆಳೆಯರ ಮುಂದೆ ಗಟ್ಟಿಯಾಗಿ ಓದಲೆಂದು ಬರೆಯುತ್ತಿದ್ದರು. ಅವರ ಸಂಕಲನಗಳು ನಾಲ್ಕು. 1904ರದ್ದರಲ್ಲಿ 8 ಕಥೆ, 1911ರದ್ದರಲ್ಲಿ 7, 1919ರದ್ದರಲ್ಲಿ 5, 1925ರದ್ದರಲ್ಲಿ 6. ಒಟ್ಟು 26. ಪತ್ರಿಕೆಗಳಲ್ಲಿ ಮತ್ತು ಬೇರೆಡೆ ಬಿಡಿಯಾಗಿ ಬಂದಿದ್ದ ಇನ್ನೂ ನಾಲ್ಕು ಸೇರಿ 1931ರಲ್ಲಿ ಮೂವತ್ತಾಯಿತು.

1931ರ ಮುನ್ನುಡಿಯಲ್ಲಿ ಅವರು ಓದುಗರ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಇನ್ನೂ ದೆವ್ವದ ಕಥೆ ಬರೆಯುತ್ತೀರಾ? ಬಹುಶಃ ಇಲ್ಲ. ಆದರೆ ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ‘ದಿ ಎಕ್ಸ್‌ಪೆರಿಮೆಂಟ್’ ಬಂತು! ಸತ್ತವನನ್ನೇ ಎಬ್ಬಿಸಿ, ದುಡ್ಡು ಎಲ್ಲಿಟ್ಟಿದ್ದೀಯ ಎಂದು ಕೇಳಲು ಹೊರಟವರ ಕಥೆ. ನನಗೆ ಮೂರರಲ್ಲಿ ಇದು ಕಡಿಮೆ ಇಷ್ಟ. ಬಹಳ ಅವಸರದಲ್ಲಿ ಮುಗಿಯುತ್ತದೆ.

ಎರಡನೆಯ ಕಥೆಗೆ ಹೋಗುವ ಮೊದಲು ಸಂಕಲನದ ಕೊನೆಯಲ್ಲಿರುವ ಪ್ರಬಂಧವನ್ನು ಓದಿ. ಹೆಸರು ‘ಸ್ಟೋರೀಸ್ ಐ ಹ್ಯಾವ್ ಟ್ರೈಡ್ ಟು ರೈಟ್’. ಬರೆಯಲು ಹೋಗಿ ಕೈಬಿಟ್ಟ ಕಥೆಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಕಥೆ ಇಲ್ಲ ಅಂತ ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ, ಹೊರಗುಳಿದ ಕಥೆಗಳ ಬೀಗದ ಕೈ ಇಲ್ಲೇ ಇದೆ.

ಅಲ್ಲಿ ಒಂದು ಮಾತು ಬರುತ್ತದೆ. ದಿನಬಳಕೆಯ ವಸ್ತುಗಳೂ ಸೇಡು ತೀರಿಸಬಲ್ಲವು, ಕಾರಣವಿಲ್ಲದೆ ಕೇಡನ್ನೂ ಮಾಡಬಲ್ಲವು. ದಾರಿಯಲ್ಲಿ ಬಿದ್ದ ಪೊಟ್ಟಣವನ್ನು ಎತ್ತಿಕೊಳ್ಳುವಾಗ ಎಚ್ಚರ, ಅದರಲ್ಲಿ ಉಗುರಿನ ಚೂರು, ಕೂದಲು ಇದ್ದರೆ ಮನೆಯೊಳಗೆ ತರಲೇಬೇಡಿ. ಅದು ಒಂಟಿಯಾಗಿ ಬರದಿರಬಹುದು! ದಾರಿ ಕೂಡುವಲ್ಲಿ ಬಿದ್ದ ನಿಂಬೆಹಣ್ಣು ದಾಟಬೇಡ ಎಂಬ ಮಾತು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈ ಬೀಜ 1933ರಲ್ಲಿ ಕಥೆಯಾಯಿತು. ಅದೇ ‘ದಿ ಮ್ಯಾಲಿಸ್ ಆಫ್ ಇನ್‌ಆನಿಮೇಟ್ ಆಬ್ಜೆಕ್ಟ್ಸ್’. ಕಾಲರ್ ಗುಂಡಿ, ಮಸಿಕುಡಿಕೆ, ಕ್ಷೌರದ ಕತ್ತಿ, ಇಲ್ಲದ ಜಾಗದಲ್ಲಿ ಕಾಲಿಗೆ ಸಿಗುವ ಮೆಟ್ಟಿಲು: ಇವೆಲ್ಲ ಒಂದೇ ದಿನ ನಮ್ಮ ಮೇಲೆ ತಿರುಗಿಬಿದ್ದರೆ ಎಂದು ಕಥೆ ಹಗುರವಾಗಿ ಶುರುವಾಗುತ್ತದೆ. ಆಮೇಲೆ ಆಕಾಶದಲ್ಲಿ ಒಂದು ಗಾಳಿಪಟ. ಅದರ ಮೇಲೆ ಮೂರು ಇಂಗ್ಲಿಷ್ ಅಕ್ಷರ: ಐ, ಸಿ, ಯು. ಅಕ್ಷರಗಳನ್ನು ಬಾಯಿಬಿಟ್ಟು ಓದಿ ನೋಡಿ, ‘ನಿನ್ನನ್ನು ನೋಡುತ್ತಿದ್ದೇನೆ’ ಎಂದು ಕೇಳಿಸುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ. ಕೆಲವೇ ಪುಟಗಳಲ್ಲಿ ನಗು ಹೇಗೆ ಭಯವಾಗುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಅದೇ ಪ್ರಬಂಧದಲ್ಲಿ ಫೆನ್‌ಸ್ಟಾಂಟನ್ ಊರಿನ ಮಾಟಗಾತಿಯ ಮಾತೂ ಇದೆ. ಆ ಕಥೆಯ ಹಸ್ತಪ್ರತಿ ಉಳಿದಿತ್ತು. ರೋಸ್‌ಮೇರಿ ಪಾರ್ಡೋ 1979ರಲ್ಲಿ ಶುರು ಮಾಡಿದ ‘ಘೋಸ್ಟ್ಸ್ ಅಂಡ್ ಸ್ಕಾಲರ್ಸ್’ ಪತ್ರಿಕೆ ಅದನ್ನು 1990ರಲ್ಲಿ ಅಚ್ಚು ಹಾಕಿತು. ಹಾಗಾದರೆ ಜೇಮ್ಸ್ ಬರೆದದ್ದು 33 ಕಥೆಯೋ, 34ಓ? ಅರ್ಧಕ್ಕೆ ನಿಂತ ಕರಡುಗಳನ್ನೂ ಎಣಿಸಬೇಕೋ? ಅಭಿಮಾನಿಗಳು ಸೇರಿದಲ್ಲೆಲ್ಲ ಈ ಚರ್ಚೆ ಏಳುತ್ತದೆ. ನನ್ನ ಮಟ್ಟಿಗೆ 33. ಅವರು ಬದುಕಿದ್ದಾಗ ತಾವಾಗಿ ಅಚ್ಚಿಗೆ ಕೊಡದೆ ಬದಿಗಿಟ್ಟ ಕಥೆಯನ್ನು ಬೇರೆ ಸಾಲಿನಲ್ಲಿಟ್ಟು ಓದುವುದೇ ಸರಿ.

ಮೂರನೆಯದು ‘ಎ ವಿನ್ಯೆಟ್’. ಇದನ್ನು ಎಲ್ಲಕ್ಕಿಂತ ಕೊನೆಗೆ ಓದಿ. ಜೇಮ್ಸ್ 1936ರ ಜೂನ್ 12ರಂದು ತೀರಿಕೊಂಡರು. ಇದು ‘ಲಂಡನ್ ಮರ್ಕ್ಯುರಿ’ ಪತ್ರಿಕೆಯಲ್ಲಿ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಪಾದ್ರಿಯ ಮನೆ, ದೊಡ್ಡ ತೋಟ, ಹಳೆಯ ಮರಗಳ ಸಾಲು, ಅಲ್ಲೊಂದು ಮರದ ಗೇಟು. ಗೇಟಿನಲ್ಲಿ ಚೌಕಾಕಾರದ ತೂತು. ಒಬ್ಬ ಹುಡುಗ ಆ ತೂತಿನಲ್ಲಿ ಒಂದು ಮುಖ ನೋಡುತ್ತಾನೆ. ಅಷ್ಟೇ ಕಥೆ. ಜೇಮ್ಸ್ ಬೆಳೆದದ್ದು ಸಫೋಕ್ ಸೀಮೆಯ ಗ್ರೇಟ್ ಲಿವರ್‌ಮಿಯರ್‌ನಲ್ಲಿ, ಇಂಥದ್ದೇ ಮನೆಯಲ್ಲಿ. ಅಪ್ಪ ಅಲ್ಲಿನ ಪಾದ್ರಿ.

ಬೇರೆ ಕಥೆಗಳಲ್ಲಿ ಹಳೆಯ ಹಸ್ತಪ್ರತಿ, ಲ್ಯಾಟಿನ್ ಸಾಲು, ಯಾವುದೋ ಕಾಲದ ಪಾಪ, ಹೀಗೆ ಏನಾದರೊಂದು ಕಾರಣ ಇರುತ್ತದೆ. ಇಲ್ಲಿ ಏನೂ ಇಲ್ಲ. ಆ ಮುಖ ಯಾರದ್ದು ಎಂದು ನಿರೂಪಕನಿಗೂ ಗೊತ್ತಿಲ್ಲ. ಕೊನೆಗೆ ಅವನು ಒಂದು ಪ್ರಶ್ನೆ ಕೇಳುತ್ತಾನೆ: ಒಂದು ಕಾಲಕ್ಕೆ ಎಲ್ಲರ ಕಣ್ಣಿಗೂ ಬೀಳುತ್ತಿದ್ದ, ಮಾತಿಗೂ ಸಿಗುತ್ತಿದ್ದ ವಿಚಿತ್ರ ಜೀವಿಗಳು ಈಗಲೂ ಓಡಾಡುವ ಮೂಲೆಗಳು ಅಲ್ಲಲ್ಲಿ ಉಳಿದಿರಬಹುದೇ?