ಡೇಟಾ ಸೋರಿದ ಮೇಲೆ: ಆಧಾರಿನ ಎರಡು ಬೀಗ, ನಾಲ್ಕು ಕ್ರೆಡಿಟ್ ರಿಪೋರ್ಟ್

ಮುಂಬೈ, ಪುಣೆ, ಗೋವಾ ಕಡೆ ನೆಲೆಸಿರುವ ನಮ್ಮವರಿಗಾಗಿ ಈ ಟಿಪ್ಪಣಿ. ಪಾಸ್‌ವರ್ಡ್ ಬದಲಿಸುವುದು, ಓಟಿಪಿ ಯಾರಿಗೂ ಹೇಳದಿರುವುದು ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ. ತಲೆ ಕೆಡಿಸುವ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು: ಸೋರಿದ್ದೇನು?

ಕಂಪನಿ ಕಳಿಸಿದ ಇಮೇಲಿನಲ್ಲಿ ವಿಷಾದದ ಮಾತುಗಳನ್ನು ದಾಟಿ, ಯಾವ ಯಾವ ಮಾಹಿತಿ ಹೋಗಿದೆ ಎನ್ನುವ ಒಂದು ಸಾಲು ಹುಡುಕಿ. 2021ರಲ್ಲಿ ಏರ್ ಇಂಡಿಯಾ ಜಗತ್ತಿನಾದ್ಯಂತ ಸುಮಾರು 45 ಲಕ್ಷ ಜನರ ಮಾಹಿತಿ ಸೋರಿದ್ದನ್ನು ತಿಳಿಸಿದಾಗ ಆ ಪಟ್ಟಿಯಲ್ಲಿ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ವಿವರ, ಕಾರ್ಡ್ ಮಾಹಿತಿ ಎಲ್ಲ ಇದ್ದವು, ಸಿವಿವಿ ಇರಲಿಲ್ಲ. ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದು ತರಿಸಬಹುದು. ಜನ್ಮದಿನಾಂಕ, ಪ್ಯಾನ್, ಆಧಾರ್ ಸಂಖ್ಯೆ ಹಾಗೆ ಬದಲಾಗುವಂಥವಲ್ಲ. ಬದಲಿಸಲಾಗದ್ದು ಸೋರಿದ್ದರೆ ಮಾತ್ರ ಮುಂದಿನದೆಲ್ಲ ಬೇಕು.

ಇಮೇಲ್ ತಡವಾಗಿ ಬಂದಿದ್ದಕ್ಕೆ ಆಶ್ಚರ್ಯಪಡಬೇಡಿ. ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಬೇಕು ಎಂಬ 2022ರ ನಿಯಮ ಇರುವುದು ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ, ಗ್ರಾಹಕರಿಗಲ್ಲ. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಮಾಹಿತಿ ಮಾರಾಟವಾಗಿ ಆಗಿರುತ್ತದೆ ಎಂದುಕೊಂಡೇ ಹೊರಡುವುದು ಲೇಸು.

ಆಧಾರ್: ಬೀಗ ಒಂದಲ್ಲ, ಎರಡು

ಬಹಳ ಜನ ಎಡವುವುದು ಇಲ್ಲೇ. "ಆಧಾರ್ ಲಾಕ್ ಮಾಡಿದ್ದೇನೆ" ಎಂದು ಯಾರಾದರೂ ಹೇಳಿದರೆ, ಯಾವುದನ್ನು ಎಂದು ಕೇಳಿ.

ಮೊದಲನೆಯದು ಬಯೋಮೆಟ್ರಿಕ್ ಲಾಕ್. ಇದನ್ನು ಹಾಕಿದರೆ ಬೆರಳಚ್ಚು, ಕಣ್ಣು, ಮುಖದ ದೃಢೀಕರಣ ನಿಲ್ಲುತ್ತದೆ. ಓಟಿಪಿ ದೃಢೀಕರಣ ಎಂದಿನಂತೆ ನಡೆಯುತ್ತದೆ.

ಎರಡನೆಯದು ಆಧಾರ್ ಸಂಖ್ಯೆಯ ಲಾಕ್. ಇದನ್ನು ಹಾಕಿದರೆ 12 ಅಂಕಿಯ ಸಂಖ್ಯೆ ಕೊಟ್ಟು ಮಾಡುವ ಯಾವ ದೃಢೀಕರಣವೂ ನಡೆಯುವುದಿಲ್ಲ, ಓಟಿಪಿಯೂ ಸೇರಿ. ಬದಲಿಗೆ 16 ಅಂಕಿಯ ವಿಐಡಿ, ಅಂದರೆ ಆಧಾರ್ ಸಂಖ್ಯೆಯ ಜಾಗದಲ್ಲಿ ಬಳಸುವ ವರ್ಚುವಲ್ ಐಡಿ, ಕೊಡಬೇಕು. ವಿಐಡಿ ಕೊಟ್ಟರೆ ಓಟಿಪಿಯೂ ನಡೆಯುತ್ತದೆ, ಮೊದಲ ಬೀಗ ಹಾಕಿರದಿದ್ದರೆ ಬೆರಳಚ್ಚೂ ನಡೆಯುತ್ತದೆ.

ಇನ್ನು ಕಳ್ಳನ ಕಡೆಯಿಂದ ನೋಡಿ. ಎಇಪಿಎಸ್‌ನಲ್ಲಿ, ಅಂದರೆ ಬ್ಯಾಂಕ್ ಮಿತ್ರನ ಯಂತ್ರದಲ್ಲಿ, ಹಣ ತೆಗೆಯಲು ಬೇಕಾದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಓಟಿಪಿ ಕೇಳುವುದಿಲ್ಲ. ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡಿಕೊಂಡವನನ್ನು ಎರಡು ಬೀಗಗಳಲ್ಲಿ ಯಾವುದಾದರೂ ತಡೆಯುತ್ತದೆ. ನಿಮ್ಮ ಸಿಮ್ಮಿನ ನಕಲು ಪಡೆದು ಓಟಿಪಿ ತರಿಸಿಕೊಳ್ಳುವವನನ್ನು ಮೊದಲ ಬೀಗ ತಡೆಯುವುದೇ ಇಲ್ಲ. ಎರಡನೆಯದು, ಅವನ ಕೈಯಲ್ಲಿ ಬರೀ 12 ಅಂಕಿ ಇರುವ ತನಕ, ತಡೆಯುತ್ತದೆ. ಆಧಾರಿನ ಜೆರಾಕ್ಸ್ ಇಟ್ಟುಕೊಂಡು, ಆನ್‌ಲೈನ್ ದೃಢೀಕರಣವನ್ನೇ ಮಾಡದೆ ಕಣ್ಣುಮುಚ್ಚಿ ಸಾಲ ಕೊಡುವ ಕಡೆ ಹೋಗುವವನನ್ನು ಎರಡೂ ತಡೆಯುವುದಿಲ್ಲ. ಬಾಗಿಲಿಗೆ ಬೀಗ ಜಡಿದಿದ್ದೇವೆ, ಅವನು ಬಾಗಿಲಿಗೆ ಬರುವುದೇ ಇಲ್ಲ. ಆಧಾರ್ ಲಾಕ್ ಮಾಡಿ ನಿಶ್ಚಿಂತೆಯಿಂದ ಇದ್ದವರ ಹೆಸರಿನಲ್ಲೂ ಸಾಲ ಹುಟ್ಟಬಹುದಾದ್ದು ಇದರಿಂದಲೇ. ಅದನ್ನು ಹಿಡಿಯುವ ದಾರಿ ಮುಂದಿನ ಭಾಗದಲ್ಲಿದೆ.

ಬಯೋಮೆಟ್ರಿಕ್ ಲಾಕ್ ಅನ್ನು ಮೈಆಧಾರ್ ಪೋರ್ಟಲ್‌ನಲ್ಲಿ ಓಟಿಪಿಯಿಂದ ಒಳಹೋಗಿ ಹಾಕಬಹುದು. ಸಂಖ್ಯೆಯ ಲಾಕ್‌ಗೆ ಎಸ್‌ಎಂಎಸ್ ಸಾಕು, ಆದರೆ ಕ್ರಮ ತಪ್ಪಬಾರದು. ಆಧಾರಿಗೆ ಜೋಡಿಸಿದ ಮೊಬೈಲಿನಿಂದ 1947ಕ್ಕೆ ಮೊದಲು ಜಿವಿಐಡಿ (GVID), ಒಂದು ಜಾಗ ಬಿಟ್ಟು ಆಧಾರಿನ ಕೊನೆಯ 4 ಅಂಕಿ. ವಿಐಡಿ ಬರುತ್ತದೆ, ಅದನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ಗೆಟ್‌ಓಟಿಪಿ (GETOTP), ಜಾಗ, ಅದೇ 4 ಅಂಕಿ. ಓಟಿಪಿ ಬಂದ ಮೇಲೆ ಲಾಕ್‌ಯುಐಡಿ (LOCKUID), ಜಾಗ, 4 ಅಂಕಿ, ಜಾಗ, ಓಟಿಪಿ. ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಬೀಗ ತೆಗೆಯುವಾಗ ಗೆಟ್‌ಓಟಿಪಿ, ಅನ್‌ಲಾಕ್‌ಯುಐಡಿ (UNLOCKUID) ಎರಡಕ್ಕೂ ಆಧಾರಿನ 4 ಅಂಕಿ ಅಲ್ಲ, ವಿಐಡಿಯ ಕೊನೆಯ 6 ಅಂಕಿ ಕೊಡಬೇಕು. ಅಲ್ಲೂ ಆಧಾರಿನ ಅಂಕಿ ಹಾಕಿ "ಆಗ್ತಾ ಇಲ್ಲ" ಎಂದು ಕೂರುವವರೇ ಹೆಚ್ಚು. ವಿಐಡಿ ಮರೆತರೆ ಆರ್‌ವಿಐಡಿ (RVID), ಜಾಗ, ಆಧಾರಿನ ಕೊನೆಯ 4 ಅಂಕಿ ಕಳಿಸಿದರೆ ಮತ್ತೆ ಬರುತ್ತದೆ.

ಬೀಗ ಹಾಕಿದ ಮೇಲಿನ ಫಜೀತಿಗಳೂ ಗೊತ್ತಿರಲಿ. ಪುಣೆ, ಮುಂಬೈಯಲ್ಲಿ ಬಾಡಿಗೆ ಮನೆಯ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ಆನ್‌ಲೈನ್ ನೋಂದಣಿ ಮಾಡಿಸಲು ಏಜೆಂಟ್ ಬೆರಳಚ್ಚು ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಬೆರಳು ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಪರದೆಯಲ್ಲಿ ಏನೋ ಎರರ್. ಅವನು ಬೆರಳನ್ನು ಅಂಗಿಗೆ ಒರೆಸಿ ಮತ್ತೆ ಒತ್ತಿ ಎನ್ನುತ್ತಾನೆ, ಇನ್ನೊಂದು ಬೆರಳು ಕೊಡಿ ಎನ್ನುತ್ತಾನೆ. ಸಂಖ್ಯೆ 330 ಎಂದಿದ್ದರೆ ಬೆರಳಿನ ತಪ್ಪಲ್ಲ, ಬಯೋಮೆಟ್ರಿಕ್ ಲಾಕ್ ಆಗಿದೆ ಎಂದರ್ಥ. ತಾತ್ಕಾಲಿಕವಾಗಿ ತೆರೆದರೆ 10 ನಿಮಿಷ ತೆರೆದಿರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಏಜೆಂಟ್ ಲಿಫ್ಟಿನಲ್ಲಿರುವಾಗ ತೆರೆಯಬೇಡಿ, ಲ್ಯಾಪ್‌ಟಾಪ್ ಬಿಚ್ಚಿ ಕೂತ ಮೇಲೆ ತೆರೆಯಿರಿ.

ಇನ್ನೊಂದು ಮಾತು, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ: ಊರಲ್ಲಿರುವ ಅಪ್ಪ-ಅಮ್ಮನ ಬಯೋಮೆಟ್ರಿಕ್ ಅನ್ನು ಇಲ್ಲಿ ಕೂತು, ಅವರಿಗೆ ಹೇಳದೆ ಲಾಕ್ ಮಾಡಬೇಡಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯದೆ ಅಕ್ಕಿ ಸಿಗದೆ ವಾಪಸ್ ಬರುತ್ತಾರೆ. ವಾಸ್ಕೋ ಕಡೆ ದುಡಿಯುವವರಲ್ಲೂ ಕೂಲಿ ಹಣವನ್ನು ಬೆರಳಚ್ಚು ಕೊಟ್ಟೇ ತೆಗೆಯುವವರಿಗೆ ಸಂಖ್ಯೆಯ ಬೀಗವಂತೂ ಬೇಡ. ಉಳಿದವರಿಗೆ ನನ್ನ ಸಲಹೆ: ಮೊದಲ ಬೀಗ ಯಾವಾಗಲೂ ಇರಲಿ, ಎರಡನೆಯದನ್ನು ಆಧಾರ್ ಸಂಖ್ಯೆಯೂ ಮೊಬೈಲ್ ಸಂಖ್ಯೆಯೂ ಒಟ್ಟಿಗೆ ಸೋರಿದ್ದರೆ ಹಾಕಿ.

ಪೋರ್ಟಲ್‌ನಲ್ಲೇ ದೃಢೀಕರಣದ ಇತಿಹಾಸವೂ ಇದೆ: ಹಿಂದಿನ 6 ತಿಂಗಳು, ಗರಿಷ್ಠ 50 ದಾಖಲೆ. ಬೀಗ ಹಾಕಿದ ನಂತರದ ತಾರೀಖಿನಲ್ಲಿ, ನೀವು ಬೆರಳು ಕೊಡದ ದಿನ 330 ಕಂಡರೆ ಯಾರೋ ಪ್ರಯತ್ನಿಸಿದ್ದಾರೆ ಎಂದೇ ಲೆಕ್ಕ.

ಇದೆಲ್ಲಕ್ಕೂ ಆಧಾರಿಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿರಬೇಕು. ಊರಿನ ಹಳೇ ನಂಬರ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ಅದು ಕೆಲವು ತಿಂಗಳಲ್ಲಿ ಇನ್ನೊಬ್ಬರಿಗೆ ಹೋಗಬಹುದು. ಬೀಗದ ವಿಚಾರಕ್ಕೆ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.

ಸಿಮ್ ಮತ್ತು ಪ್ಯಾನ್, ಚುಟುಕಾಗಿ

ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಿ. ನಿಮ್ಮದಲ್ಲದ ನಂಬರಿಗೆ "ನನ್ನದಲ್ಲ" ಎಂದು ಗುರುತು ಹಾಕಿ. ಇದ್ದಕ್ಕಿದ್ದಂತೆ ಫೋನಿನ ನೆಟ್‌ವರ್ಕ್ ಸತ್ತು ಅಕ್ಕಪಕ್ಕದವರದು ಚೆನ್ನಾಗಿದ್ದರೆ ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ, ನಕಲು ಸಿಮ್ ಕೊಟ್ಟಿದ್ದಾರಾ ಕೇಳಿ.

ಪ್ಯಾನ್ ಸೋರಿದ್ದರೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್, ಅಂದರೆ ನಿಮ್ಮ ಪ್ಯಾನ್‌ಗೆ ಸೇರಿದ ವರ್ಷದ ವಹಿವಾಟುಗಳ ಪಟ್ಟಿ, ನೋಡಿ, ನಿಮ್ಮದಲ್ಲದ ವಹಿವಾಟಿಗೆ ಅಲ್ಲೇ ಆಕ್ಷೇಪ ದಾಖಲಿಸಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಹುಡುಕಿದರೆ ನಿಮ್ಮ ಹೆಸರಿನಲ್ಲಿ ಯಾರಾದರೂ ವ್ಯಾಪಾರ ನೋಂದಾಯಿಸಿದ್ದಾರಾ ತಿಳಿಯುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ನೋಟಿಸ್ ಬಂದ ಮೇಲೆ ಓಡಾಡುತ್ತಾರೆ.

ನಾಲ್ಕು ರಿಪೋರ್ಟ್‌ಗಳ ಸರದಿ

ಅಮೆರಿಕದಲ್ಲಿ 2018ರಿಂದ ಕ್ರೆಡಿಟ್ ಫ್ರೀಜ್, ಅಂದರೆ ನಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟದಂತೆ ಸಾಲದ ದಾಖಲೆಗೆ ಬೀಗ ಹಾಕಿಸುವುದು, ಉಚಿತ. ಇಲ್ಲಿ ಹಾಗೆ ಕಾನೂನಿನಿಂದ ಬಂದ ಫ್ರೀಜ್ ಹಕ್ಕಿಲ್ಲ, ಆದ್ದರಿಂದ ಕಾವಲು ನಾವೇ ಕಾಯಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ, ನಮ್ಮ ಸಾಲಗಳ ದಾಖಲೆ ಇಡುವ ನಾಲ್ಕೂ ಕ್ರೆಡಿಟ್ ಕಂಪನಿಗಳು ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಉಚಿತ ಕೊಡಬೇಕು. ಸಾಲ ಕೊಡುವ ಸಂಸ್ಥೆಗಳು ನಾಲ್ಕಕ್ಕೂ ಸದಸ್ಯರಾಗಿರಬೇಕಾದ್ದರಿಂದ, ಒಂದೇ ದಿನ ನಾಲ್ಕನ್ನೂ ತೆಗೆಸಿದರೆ ಹೆಚ್ಚುಕಡಿಮೆ ಒಂದೇ ಚಿತ್ರ ನಾಲ್ಕು ಸಲ ನೋಡಿದಂತೆ. ಈಗ ಒಂದು, ಒಂದು ತಿಂಗಳಿಗೆ ಇನ್ನೊಂದು, ಆಮೇಲೆ ಮೂರು ತಿಂಗಳಿಗೊಂದು ತೆಗೆಸಿ. ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಡಿಸೆಂಬರಿನಲ್ಲಿ ತೆಗೆಸಿದ ಕಂಪನಿಯಿಂದಲೇ ಜನವರಿಯಲ್ಲಿ ಮತ್ತೆ ತೆಗೆಸಬಹುದು. ಉಚಿತ ರಿಪೋರ್ಟಿನ ಕೊಂಡಿ ದುಡ್ಡಿನ ಪ್ಲಾನುಗಳ ನಡುವೆ ಅಡಗಿರಬಹುದು, ಕಾರ್ಡ್ ನಂಬರ್ ಕೇಳಿದರೆ ನೀವು ತಪ್ಪು ಪುಟದಲ್ಲಿದ್ದೀರಿ.

ರಿಪೋರ್ಟಿನಲ್ಲಿ ಸ್ಕೋರ್ ಬಿಟ್ಟು ಕೊನೆಗೆ ಹೋಗಿ, ಎನ್‌ಕ್ವೈರಿ ಪಟ್ಟಿ ನೋಡಿ. ಸಾಲದ ಅರ್ಜಿ ಬಂದಾಗಲೇ ಎನ್‌ಕ್ವೈರಿ ದಾಖಲಾಗುತ್ತದೆ, ಸಾಲದ ಖಾತೆ ಕಾಣಿಸುವುದು ಆಮೇಲೆ. ಗೊತ್ತಿಲ್ಲದ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಸಾಲ ಸಂಸ್ಥೆ) ಹೆಸರು ಕಂಡ ಕೂಡಲೇ ಗಾಬರಿ ಬೇಡ. ಆ್ಯಪ್‌ನ ಹೆಸರು ಒಂದು, ಹಿಂದಿರುವ ಸಾಲದಾತನ ಹೆಸರು ಇನ್ನೊಂದು. ನೀವು ಇಎಂಐನಲ್ಲಿ ಕೊಂಡ ಫ್ರಿಜ್ಜೇ ಆ ಹೆಸರಿನಲ್ಲಿ ಕೂತಿರಬಹುದು. ತಾರೀಖು, ಮೊತ್ತ ಹೊಂದಿಸಿ ನೋಡಿ, ಆಗಲೂ ಹೊಂದದಿದ್ದರೆ ದೂರು.

ಸಿಕ್ಕಿಬಿದ್ದರೆ

ಖಾತೆಯಿಂದ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930, ಜೊತೆಗೇ ಬ್ಯಾಂಕ್. ಆರ್‌ಬಿಐನ 2017ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದಾಗ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಮೆಸೇಜ್ ಬಂದ ದಿನ ಆ ಲೆಕ್ಕಕ್ಕೆ ಸೇರದು. 4ರಿಂದ 7 ಕೆಲಸದ ದಿನಗಳಲ್ಲಿ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಗರಿಷ್ಠ ₹10,000.

ಸುಳ್ಳು ಸಾಲವಾದರೆ ದಾರಿ ಬೇರೆ. ಕ್ರೆಡಿಟ್ ಕಂಪನಿ ತಾನಾಗಿ ಏನನ್ನೂ ಅಳಿಸುವುದಿಲ್ಲ, ಸಾಲದಾತನ ಒಪ್ಪಿಗೆ ಬೇಕು. ಆದ್ದರಿಂದ ಇಬ್ಬರಿಗೂ ಒಂದೇ ದಿನ ಲಿಖಿತ ದೂರು ಕೊಡಿ. ಸಾಲದಾತನಿಂದ ಕೇಳಬೇಕಾದ್ದು: ಅರ್ಜಿಯ ಪ್ರತಿ, ಕೆವೈಸಿ ಫೋಟೊ, ಎಲ್ಲಕ್ಕಿಂತ ಮುಖ್ಯವಾಗಿ ಹಣ ಯಾವ ಖಾತೆಗೆ ಹೋಯಿತು ಎಂಬುದು. ಆ ಖಾತೆ ನಿಮ್ಮದಲ್ಲ ಎಂದು ತೋರಿಸುವ ಒಂದು ಹಾಳೆ ಹತ್ತು ಪುಟದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. "ಸದ್ಯಕ್ಕೆ ಒಂದು ಕಂತು ಕಟ್ಟಿಬಿಡಿ, ಆಮೇಲೆ ನೋಡೋಣ" ಎಂದು ವಸೂಲಿಯವರು ಹೇಳಿದರೆ ಕಟ್ಟಬೇಡಿ; ಸಾಲ ಒಪ್ಪಿಕೊಂಡಂತಾಗುತ್ತದೆ.

ಪೊಲೀಸ್ ದೂರಿಗೆ ಸೈಬರ್ ಕ್ರೈಂ ಪೋರ್ಟಲ್‌ನ ಸ್ವೀಕೃತಿ ಸಂಖ್ಯೆ ಕೈಯಲ್ಲಿರಲಿ. ಗೋವಾದ ಸೈಬರ್ ಠಾಣೆ ರಾಯಬಂದರಿನಲ್ಲಿದೆ. ಸಾಲ ಬೆಂಗಳೂರಿನ ವಿಳಾಸಕ್ಕೆ ಹುಟ್ಟಿದೆ, ಅಲ್ಲಿಗೇ ಹೋಗಿ ಎಂದರೆ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ಅಪರಾಧ ತನಿಖೆಯ ಹೊಸ ಕಾನೂನಾದ ಬಿಎನ್‌ಎಸ್‌ಎಸ್‌ನ 173ನೇ ಕಲಂ ಹೇಳುತ್ತದೆ. ಎಫ್‌ಐಆರ್ ಪ್ರತಿಯನ್ನೂ ಉಚಿತವಾಗಿ ಕೊಡಬೇಕು. ಮಹಾರಾಷ್ಟ್ರದಲ್ಲಿ ಅದು ಮರಾಠಿಯಲ್ಲಿರುತ್ತದೆ, ಸಹಿಗೆ ಮೊದಲು ಮೊತ್ತ, ತಾರೀಖು, ಖಾತೆ ಸಂಖ್ಯೆ ಇವಿಷ್ಟನ್ನಾದರೂ ಓದಿಸಿಕೊಳ್ಳಿ.

ಕ್ರೆಡಿಟ್ ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ಆರ್‌ಬಿಐ ಹೇಳಿದೆ. ದೂರು ಕೊಟ್ಟ ತಾರೀಖಿನ ಪುರಾವೆ ಇಟ್ಟುಕೊಳ್ಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಮುಂದೆ, ಗ್ರಾಹಕರ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರಿನಿಂದ ಅವರ ವ್ಯಾಪ್ತಿಗೆ ಬಂದಿವೆ, ಅರ್ಜಿಗೆ ಶುಲ್ಕವಿಲ್ಲ.